ಯಾರಿಗೆ, ಯಾರ ಕೈಯಲ್ಲಿ, ಯಾವ ಕಾಲಕ್ಕೆ: ಹೃದಯ–ಶ್ವಾಸಕೋಶ ಶಸ್ತ್ರಕ್ರಿಯೆಗಳ ಹೋಲಿಕೆಯ ಚರಿತ್ರೆ

ಎರಡು ಶಸ್ತ್ರಕ್ರಿಯೆಗಳಲ್ಲಿ ಯಾವುದು ಮೇಲು ಎಂಬ ಪ್ರಶ್ನೆಯನ್ನು ಬಹುಕಾಲ ಇತ್ಯರ್ಥಪಡಿಸುತ್ತಿದ್ದುದು ಶಸ್ತ್ರವೈದ್ಯರ ಅನುಭವ ಮತ್ತು ಗುಣವಾಯಿತೆನ್ನುವ ರೋಗಿಯ ಮಾತು. ಈ ಎರಡು ಸಾಕ್ಷ್ಯಗಳು ಎಷ್ಟು ದುರ್ಬಲವೆಂಬುದು 1950ರ ದಶಕದ ಅಮೆರಿಕದಲ್ಲಿ ಬಯಲಾಯಿತು. ಎದೆಗೂಡಿನ ಒಳಬದಿಯಲ್ಲಿ ಇಳಿಯುವ ಮ್ಯಾಮರಿ ಅಪಧಮನಿಯನ್ನು ಕಟ್ಟಿಬಿಟ್ಟರೆ ರಕ್ತವು ಹೃದಯದ ಸ್ನಾಯುವಿನತ್ತ ತಿರುಗುತ್ತದೆ ಎಂಬ ನಂಬಿಕೆಯಿಂದ ಆಂಜೈನಾ ರೋಗಿಗಳಿಗೆ ಆಗ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಎದೆನೋವು ಇಳಿಯಿತೆಂದು ಹಲವರು ಹೇಳುತ್ತಲೂ ಇದ್ದರು. 1959ರಲ್ಲಿ ಲಿಯೊನಾರ್ಡ್ ಕಾಬ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 17 ರೋಗಿಗಳಿದ್ದರು. 8 ಮಂದಿಗೆ ಧಮನಿಯನ್ನು ಕಟ್ಟಲಾಯಿತು, ಉಳಿದ 9 ಮಂದಿಗೆ ಚರ್ಮವನ್ನು ಕುಯ್ದು ಹೊಲಿದದ್ದಷ್ಟೇ. ತನಗೇನಾಗಿದೆಯೆಂದು ಯಾವ ರೋಗಿಗೂ ತಿಳಿದಿರಲಿಲ್ಲ. ನೋವು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿ ಇಳಿಯಿತು. ಮರುವರ್ಷ ಡೈಮಂಡ್ ತಂಡದ ಅಧ್ಯಯನವೂ ಅದನ್ನೇ ಹೇಳಿತು. ಅಲ್ಲಿಂದ ಮುಂದಿನ ಹೋಲಿಕೆಗಳನ್ನು ಸಾಲಾಗಿ ಓದಿದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಒಂದು ವಿಧಾನದ ಫಲ ಆ ವಿಧಾನದಲ್ಲೇ ಅಡಗಿ ಕೂತಿರುವುದಿಲ್ಲ; ರೋಗಿ, ಶಸ್ತ್ರವೈದ್ಯ ಮತ್ತು ಕಾಲ ಮೂರೂ ಸೇರಿದಾಗ ಅದು ರೂಪುಗೊಳ್ಳುತ್ತದೆ.

ಇದಕ್ಕೆ ಅತ್ಯಂತ ಸ್ಪಷ್ಟವಾದ ಪುರಾವೆ ಎಂಫಿಸೆಮಾ ಚಿಕಿತ್ಸೆಯಲ್ಲಿದೆ. ಉಬ್ಬಿ ಹಾಳಾದ ಶ್ವಾಸಕೋಶದ ಭಾಗವನ್ನು ಕತ್ತರಿಸಿ ತೆಗೆದರೆ ಉಳಿದ ಭಾಗಕ್ಕೆ ಹಿಗ್ಗಲು ಜಾಗ ಸಿಗುತ್ತದೆ ಎಂದು ಬಾಲ್ಟಿಮೋರಿನ ಆಟೊ ಬ್ರಾಂಟಿಗನ್ 1950ರ ದಶಕದಲ್ಲೇ ವಾದಿಸಿದ್ದರು. ಸಾವುಗಳು ಹೆಚ್ಚಾದುದರಿಂದ ಆ ವಿಧಾನ ಮೂಲೆ ಸೇರಿತು. 1995ರಲ್ಲಿ ಸೇಂಟ್ ಲೂಯಿಸ್‌ನ ಜೋಯೆಲ್ ಕೂಪರ್ ತಂಡ 20 ರೋಗಿಗಳಲ್ಲಿ ಉಸಿರಾಟ ಗಣನೀಯವಾಗಿ ಸುಧಾರಿಸಿತೆಂದು ವರದಿ ಮಾಡಿದಾಗ ಅದಕ್ಕೆ ಮರುಜೀವ ಬಂತು. ಆದರೆ ಹೊರಗಿನ ಆಸ್ಪತ್ರೆಗಳ ಫಲಿತಾಂಶ ಅಷ್ಟು ಆಶಾದಾಯಕವಾಗಿರಲಿಲ್ಲ. ಸರ್ಕಾರಿ ವಿಮೆಯಾದ ಮೆಡಿಕೇರ್ ಹಣ ಕೊಡುವುದನ್ನು ನಿಲ್ಲಿಸಿತು. 1,218 ರೋಗಿಗಳ ರಾಷ್ಟ್ರೀಯ ಪರೀಕ್ಷೆ ಆರಂಭವಾಯಿತು. ಉಸಿರಿನ ಶಕ್ತಿ ತೀರಾ ಕುಗ್ಗಿ, ಜೊತೆಗೆ ರೋಗ ಶ್ವಾಸಕೋಶದ ತುಂಬ ಹರಡಿದ್ದವರಲ್ಲಿ ಅಥವಾ ಅನಿಲ ವಿನಿಮಯ ತೀರಾ ತಗ್ಗಿದ್ದವರಲ್ಲಿ, ಶಸ್ತ್ರಕ್ರಿಯೆಯಾದ 69 ಮಂದಿಯ ಪೈಕಿ ಶೇ. 16ರಷ್ಟು ಜನ 30 ದಿನಗಳೊಳಗೆ ತೀರಿಕೊಂಡರು. ಔಷಧದ ಆರೈಕೆಯಲ್ಲೇ ಉಳಿದ 70 ಮಂದಿಯಲ್ಲಿ ಆ ಅವಧಿಯಲ್ಲಿ ಒಬ್ಬರೂ ಸಾಯಲಿಲ್ಲ. 2003ರ ಅಂತಿಮ ಫಲಿತಾಂಶದಲ್ಲಿ ಒಟ್ಟಾರೆ ಆಯುಷ್ಯಕ್ಕೆ ಲಾಭ ಕಾಣಲಿಲ್ಲ. ಆದರೆ ರೋಗವು ಮೇಲಿನ ಹಾಲೆಗಳಲ್ಲಿದ್ದು, ದೇಹಶ್ರಮದ ಸಾಮರ್ಥ್ಯ ಕಡಿಮೆಯಿದ್ದವರು ಶಸ್ತ್ರಕ್ರಿಯೆಯಿಂದ ಹೆಚ್ಚು ಕಾಲ ಬದುಕಿದರು. ಎದೆಮೂಳೆ ಸೀಳಿ ಮಾಡಿದರೂ ಕ್ಯಾಮೆರಾ ತೂರಿಸಿ ಮಾಡಿದರೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಇಲ್ಲಿ ಅಳಿವು ಉಳಿವುಗಳನ್ನು ನಿರ್ಣಯಿಸಿದ್ದು ಎಂಥ ರೋಗಿಯನ್ನು ಶಸ್ತ್ರಕ್ರಿಯೆಗೆ ಆರಿಸಿದರು ಎಂಬುದು.

ಕೈಯ ಪಾತ್ರ ಬೈಪಾಸ್ ಚರ್ಚೆಯಲ್ಲಿ ಎದ್ದು ಕಾಣುತ್ತದೆ. ಹೃದಯವನ್ನು ನಿಲ್ಲಿಸಿ ಹಾರ್ಟ್–ಲಂಗ್ ಯಂತ್ರದ ನೆರವಿನಿಂದ ನಾಳ ಜೋಡಿಸುವುದೊಂದು ಬಗೆ; ಯಂತ್ರವಿಲ್ಲದೆ, ಬಡಿಯುತ್ತಿರುವ ಹೃದಯದ ಮೇಲೆಯೇ ಜೋಡಿಸುವುದು ಇನ್ನೊಂದು. ಭಾರತದಲ್ಲಿ ಎರಡನೆಯದು ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು ಬಳಕೆಯಲ್ಲಿರುವುದರಿಂದ ಈ ಹೋಲಿಕೆ ನಮಗೆ ದೂರದ್ದಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ 2,203 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ‘ರೂಬಿ’ ಪರೀಕ್ಷೆಯಲ್ಲಿ, ಒಂದು ವರ್ಷದೊಳಗಿನ ಸಾವು, ಹೃದಯಾಘಾತ ಅಥವಾ ಹೃದಯಕ್ಕೆ ರಕ್ತ ಹರಿಸಲು ಮತ್ತೆ ಮಾಡಿದ ಚಿಕಿತ್ಸೆಯ ಒಟ್ಟು ಪ್ರಮಾಣ ಯಂತ್ರವಿಲ್ಲದ ಗುಂಪಿನಲ್ಲಿ ಶೇ. 9.9, ಯಂತ್ರದ ಗುಂಪಿನಲ್ಲಿ ಶೇ. 7.4 ಇತ್ತು. ಅಲ್ಲಿ ಶಸ್ತ್ರವೈದ್ಯರಿಗೆ ಇಂಥ 20 ಶಸ್ತ್ರಕ್ರಿಯೆಗಳ ಅನುಭವವಿದ್ದರೆ ಸಾಕಿತ್ತು. 19 ದೇಶಗಳಲ್ಲಿ 4,752 ರೋಗಿಗಳ ಮೇಲೆ ನಡೆದ ‘ಕೊರೊನರಿ’ ಪರೀಕ್ಷೆ 100ಕ್ಕೂ ಹೆಚ್ಚು ಮಾಡಿದವರನ್ನೇ ಕೇಳಿತು. ಐದು ವರ್ಷಗಳ ಬಳಿಕ ಅಲ್ಲಿ ಪ್ರಮುಖ ತೊಡಕುಗಳ ಪ್ರಮಾಣ ಯಂತ್ರವಿಲ್ಲದ ಗುಂಪಿನಲ್ಲಿ ಶೇ. 23.1, ಯಂತ್ರದ ಗುಂಪಿನಲ್ಲಿ ಶೇ. 23.6, ಅಂದರೆ ಹೇಳಿಕೊಳ್ಳುವ ಅಂತರವೇ ಇಲ್ಲ. ಎರಡು ಪರೀಕ್ಷೆಗಳ ರೋಗಿಗಳೂ ಒಂದೇ ಬಗೆಯವರಲ್ಲ. ಹಾಗಾಗಿ ವ್ಯತ್ಯಾಸವನ್ನೆಲ್ಲ ನೈಪುಣ್ಯದ ಲೆಕ್ಕಕ್ಕೇ ಬರೆಯುವಂತಿಲ್ಲ. ಆದರೂ ಅನುಭವದ ಅರ್ಹತೆಯನ್ನು ಬಿಟ್ಟು ಈ ಅಂಕಿಗಳನ್ನು ಓದುವುದು ತಪ್ಪಾದೀತು.

ಇಂಥ ಹೋಲಿಕೆಗಳಿಗೆ ಆಕ್ಷೇಪಗಳಿಲ್ಲದಿಲ್ಲ. ಮಾತ್ರೆ ಯಾರು ಕೊಟ್ಟರೂ ಒಂದೇ, ಶಸ್ತ್ರಕ್ರಿಯೆ ಹಾಗಲ್ಲ. ಆದ್ದರಿಂದ ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚುವ ಪರೀಕ್ಷೆ ಇಲ್ಲಿ ಹೊಂದದು ಎಂಬುದು ಮೊದಲನೆಯದು. ನೈಪುಣ್ಯದ ಅಂತರ ನಿಜ. ಅದನ್ನೂ ಅಳೆಯಬೇಕೆಂಬುದೇ ಅದರಿಂದ ಬರುವ ತೀರ್ಮಾನ, ಅಳೆಯುವುದನ್ನೇ ಬಿಡಬೇಕೆಂಬುದಲ್ಲ. ಫಲ ಇಷ್ಟೊಂದು ಸಂಗತಿಗಳ ಮೇಲೆ ನಿಂತಿದ್ದರೆ ಸರಾಸರಿಯಿಂದ ಒಬ್ಬ ರೋಗಿಗೇನು ಪ್ರಯೋಜನ ಎಂಬುದು ಎರಡನೆಯದು. ಆದರೆ ಎಂಫಿಸೆಮಾ ಪರೀಕ್ಷೆಯ ಆ 69 ಮಂದಿಯ ಅಪಾಯ ಗೋಚರವಾದದ್ದು ಪಕ್ಕದಲ್ಲಿ ಆ 70 ಮಂದಿ ಇದ್ದುದರಿಂದ. ಹೋಲಿಕೆಯ ಗುಂಪಿಲ್ಲದಿದ್ದರೆ ಆ ಸಾವುಗಳು ರೋಗದ ಪಾಲಿಗೆ ಹೋಗುತ್ತಿದ್ದವು.

ಕಾಲದ ಪಾತ್ರಕ್ಕೆ ಶ್ವಾಸಕೋಶದ ಕ್ಯಾನ್ಸರ್ ಸಾಕ್ಷಿ. 1995ರಲ್ಲಿ ಪ್ರಕಟವಾದ 247 ರೋಗಿಗಳ ಅಮೆರಿಕನ್ ಪರೀಕ್ಷೆಯಲ್ಲಿ, ಇಡೀ ಹಾಲೆಯನ್ನು ತೆಗೆಯದೆ ಸ್ವಲ್ಪ ಭಾಗ ಮಾತ್ರ ತೆಗೆದವರಲ್ಲಿ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸಿದ್ದು ಸುಮಾರು ಮೂರು ಪಟ್ಟು ಹೆಚ್ಚು. ಹಾಲೆಯನ್ನೇ ತೆಗೆಯುವುದು ನಿಯಮವಾಯಿತು. 2022ರ ಜಪಾನಿನ ಪರೀಕ್ಷೆಯಲ್ಲಿ, ಎರಡು ಸೆಂಟಿಮೀಟರ್ ಮೀರದ ಗಡ್ಡೆಗಳಲ್ಲಿ ಹಾಲೆಯ ಒಂದು ಖಂಡವನ್ನಷ್ಟೇ ತೆಗೆದವರ ಪೈಕಿ ಶೇ. 94.3 ಜನ ಐದು ವರ್ಷ ದಾಟಿದರು. ಹಾಲೆ ತೆಗೆದವರಲ್ಲಿ ಶೇ. 91.1. ಸ್ಥಳೀಯ ಮರುಕಳಿಕೆ ಈಗಲೂ ಖಂಡ ತೆಗೆದವರಲ್ಲೇ ಹೆಚ್ಚಿತ್ತು ಎಂಬುದನ್ನು ಮರೆಯುವಂತಿಲ್ಲ. ಹಾಗೆಂದು ಹಳೆಯ ಪರೀಕ್ಷೆ ಸುಳ್ಳಾಗಲಿಲ್ಲ. ಸಿಟಿ ಸ್ಕ್ಯಾನ್ ಸಣ್ಣ ಗಡ್ಡೆಗಳನ್ನು ಬೇಗ ಹಿಡಿಯತೊಡಗಿದ್ದರಿಂದ ಶಸ್ತ್ರಕ್ರಿಯೆಗೆ ಬರುವ ರೋಗವೇ ಬದಲಾಗಿತ್ತು. ಆದ್ದರಿಂದ ಯಾವ ಹೋಲಿಕೆಯ ತೀರ್ಪನ್ನು ಉಲ್ಲೇಖಿಸುವಾಗಲೂ ಅದು ಎಂಥ ರೋಗಿಗಳ ಮೇಲೆ, ಎಷ್ಟು ಪಳಗಿದ ಕೈಯಲ್ಲಿ, ಯಾವ ವರ್ಷಗಳಲ್ಲಿ ನಡೆಯಿತೆಂಬುದನ್ನು ಜೊತೆಗೇ ಹೇಳಬೇಕು. ಅವನ್ನು ಕಳಚಿಟ್ಟ ಶೇಕಡಾವಾರು ಅಂಕಿಯಿಂದ ಯಾವ ವಿಧಾನವನ್ನೂ ಎತ್ತಿಹಿಡಿಯಲಾಗದು, ತಳ್ಳಿಹಾಕಲೂ ಆಗದು.