ಸುಗಂಧತೈಲಗಳ ಆತಂಕಶಾಮಕ ಗುಣದ ಪ್ರಾಣಿಪರೀಕ್ಷೆ

ಲ್ಯಾವೆಂಡರ್‌ನಂಥ ಸಸ್ಯಗಳಿಂದ ಬಟ್ಟಿ ಇಳಿಸಿದ ತೈಲ ಆತಂಕವನ್ನು ತಗ್ಗಿಸುತ್ತದೆಯೇ ಎಂದು ಇಲಿಗಳ ವರ್ತನೆಯಿಂದ ಅಳೆಯುವ ಪ್ರಯೋಗ. ಇದಕ್ಕೆ ಹೆಚ್ಚು ಬಳಕೆಯಾಗುವ ಸಾಧನ, 1980ರ ದಶಕದಲ್ಲಿ ರೂಪುಗೊಂಡ ಎಲಿವೇಟೆಡ್ ಪ್ಲಸ್ ಮೇಜ್. ನೆಲದಿಂದ ಎತ್ತರದಲ್ಲಿರುವ ಈ ಅಟ್ಟಣೆಯ ನಾಲ್ಕು ತೋಳುಗಳಲ್ಲಿ ಎರಡಕ್ಕೆ ಗೋಡೆಯಿದೆ, ಎರಡು ಬಯಲು. ಇಲಿಗೆ ಬಯಲೆಂದರೆ ಭಯ, ಹೊಸ ಜಾಗವೆಂದರೆ ಕುತೂಹಲ. ಸಾಮಾನ್ಯವಾಗಿ ಇಲಿಯನ್ನು ಅಟ್ಟಣೆಯ ಮೇಲೆ 5 ನಿಮಿಷ ಓಡಾಡಲು ಬಿಟ್ಟು ನೋಡುತ್ತಾರೆ. ಬಯಲು ತೋಳುಗಳಲ್ಲಿ ಹೆಚ್ಚು ಹೊತ್ತು ಕಳೆದರೆ ಆತಂಕ ಇಳಿದಿದೆ ಎಂದರ್ಥ. ಹೋಲಿಕೆಗೆ ಮತ್ತೊಂದು ಗುಂಪಿಗೆ ಆತಂಕ ತಗ್ಗಿಸುವ ಔಷಧವಾದ ಡಯಾಜೆಪಾಮ್ ಕೊಡುವುದು ವಾಡಿಕೆ.

ತೈಲ ಬರೀ ಮಂಪರು ತರಿಸಿದರೂ ಲೆಕ್ಕ ತಪ್ಪುತ್ತದೆ; ಆದ್ದರಿಂದ ಒಟ್ಟು ಓಡಾಟವನ್ನೂ ಅಳೆಯಬೇಕು. ಇನ್ನೊಂದು ತೊಡಕು ಈ ಕ್ಷೇತ್ರಕ್ಕೇ ವಿಶೇಷವಾದದ್ದು: ವಾಸನೆ ಪ್ರಯೋಗಕಾರರ ಮೂಗಿಗೂ ಬಡಿಯುವುದರಿಂದ ಯಾವ ಇಲಿಗೆ ತೈಲ ಸಿಕ್ಕಿತೆಂಬುದು ಗುಟ್ಟಾಗಿ ಉಳಿಯದು. ವಿಡಿಯೊ ನೋಡಿ ಬೇರೆಯವರು ಎಣಿಸುವುದೇ ಲೇಸು.

ಲ್ಯಾವೆಂಡರ್ ತೈಲದ ಮುಖ್ಯ ಘಟಕಗಳಲ್ಲೊಂದು ಲಿನಲೂಲ್. ಜಪಾನಿನ ಕಾಗೊಶಿಮಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದರ ವಾಸನೆಯೊಂದೇ ಇಲಿಗಳ ಆತಂಕ ತಗ್ಗಿಸಿತು. ಘ್ರಾಣಶಕ್ತಿ ಕಳೆದುಕೊಂಡ ಇಲಿಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ಡಯಾಜೆಪಾಮ್‌ನ ಕೆಲಸವನ್ನು ತಡೆಯುವ ಫ್ಲೂಮಜೆನಿಲ್ ಕೊಟ್ಟಾಗಲೂ ಕಾಣಲಿಲ್ಲ.