ವಿಗಾನ್ ಪೇಟೆಯಲ್ಲಿ ಒಂದು ಹಗಲು

ಫಿಲಿಪ್ಪೀನ್ಸ್ ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗುವುದು ಹಡಗಿನ ಕೆಲಸ ಮತ್ತು ಗಲ್ಫಿನ ಆಸ್ಪತ್ರೆಗಳಲ್ಲಿ ದುಡಿಯುವ ನರ್ಸುಗಳು. ಅವರ ದೇಶಕ್ಕೂ ನಾನೂರು ಐನೂರು ವರ್ಷದ ಚರಿತ್ರೆ ಉಂಟು, ಅದನ್ನು ನಡೆದುಕೊಂಡೇ ನೋಡಬಹುದಾದ ಒಂದು ಪೇಟೆ ಉಂಟು ಅಂತ ಹೇಳಿದರೆ ಹೆಚ್ಚಿನವರು ಹೌದಾ ಅಂತ ಕೇಳುತ್ತಾರೆ. ಆ ಪೇಟೆಯ ಹೆಸರು ವಿಗಾನ್. ಲೂಜೋನ್ ದ್ವೀಪದ ಉತ್ತರದಲ್ಲಿ, ಪಶ್ಚಿಮ ಕರಾವಳಿಯಲ್ಲಿ ಇಲೊಕೊಸ್ ಸುರ್ ಎಂಬ ಪ್ರಾಂತ್ಯ. ಅದರ ಮುಖ್ಯ ಪಟ್ಟಣ ಇದು. ರಾಜಧಾನಿ ಮನಿಲಾದಿಂದ ಸುಮಾರು 400 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿ ಕೂತರೆ ಬೆಳಕು ಹರಿಯುವಾಗ ಅಲ್ಲಿರುತ್ತೀರಿ. ಒಂದು ಹಗಲು ಕೈಯಲ್ಲಿದ್ದರೆ ಸಾಕು.

ಬೆಳಿಗ್ಗೆ ಮೊದಲು ಹೋಗಬೇಕಾದದ್ದು ಕ್ರಿಸೊಲೊಗೊ ಬೀದಿಗೆ. ಬಿಸಿಲೇರಿದ ಮೇಲೆ ಜನ ತುಂಬುತ್ತಾರೆ. ಕಲ್ಲುಚಪ್ಪಡಿ ಹಾಸಿದ ಈ ಬೀದಿಗೆ ಮೋಟಾರು ವಾಹನ ಬಿಡುವುದಿಲ್ಲ. ಓಡುವುದೆಲ್ಲ ಕಲೇಸಾ ಎಂಬ ಒಂಟಿ ಕುದುರೆಯ ಗಾಡಿ. ಎರಡೂ ಬದಿಗೆ ಒತ್ತೊತ್ತಾಗಿ ಉಪ್ಪರಿಗೆ ಮನೆಗಳು. ಕೆಳಗಿನ ಅಂತಸ್ತು ಇಟ್ಟಿಗೆ ಕಲ್ಲಿನದು, ಮೇಲಿನದು ಮರದ್ದು. ಕೆಳಗೆ ಅಂಗಡಿ, ಸಾಮಾನಿನ ಕೋಣೆ, ಗಾಡಿ ನಿಲ್ಲಿಸುವ ಜಾಗ. ಮೇಲೆ ಮನೆಯವರ ವಾಸ. ಮೇಲಿನ ಕಿಟಕಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅವುಗಳಲ್ಲಿ ಗಾಜಿಲ್ಲ, ಕಪಿಸ್ ಎಂಬ ಸಮುದ್ರದ ಚಿಪ್ಪನ್ನು ತೆಳುವಾಗಿ ಚೌಕ ಕತ್ತರಿಸಿ ಕೂರಿಸಿದ್ದಾರೆ. ಬೆಳಕು ಹಾಲಿನ ಹಾಗೆ ಒಳಗೆ ಬರುತ್ತದೆ, ಉರಿಬಿಸಿಲು ಬರುವುದಿಲ್ಲ. ಗೋವೆಯ ಹಳೆಯ ಮನೆಗಳನ್ನು ಕಂಡವರಿಗೆ ಇದು ಹೊಸತಲ್ಲ, ಅಲ್ಲಿಯ ಕಿಟಕಿಗಳಿಗೂ ಇದೇ ಜಾತಿಯ ಚಿಪ್ಪು ಹಾಕುತ್ತಿದ್ದರು.

ಈ ಮನೆಗಳನ್ನು ನೋಡಿ ಸ್ಪೇನಿನವರು ಎಷ್ಟು ಚೆಂದ ಕಟ್ಟಿದ್ದಾರೆ ಅಂತ ಹೇಳುವ ಪ್ರವಾಸಿಗಳು ಬಹಳ. ಕಟ್ಟಿಸಿದವರು ಹೆಚ್ಚಾಗಿ ಸ್ಪೇನಿನವರಲ್ಲ. ಚೀನಾದಿಂದ ವ್ಯಾಪಾರಕ್ಕೆ ಬಂದು ಇಲ್ಲಿಯ ಇಲೊಕಾನೊ ಹೆಂಗಸರನ್ನು ಮದುವೆಯಾದವರ ಮಕ್ಕಳು ಮೊಮ್ಮಕ್ಕಳು. ನೀಲಿ, ಬಟ್ಟೆ, ಹೊಗೆಸೊಪ್ಪಿನಲ್ಲಿ ದುಡ್ಡು ಮಾಡಿದವರು. ಅಂದರೆ ಸ್ಪೇನಿನ ಕಾಲದ ನಕ್ಷೆಯ ಬೀದಿಯಲ್ಲಿ, ಚೀನೀ ಮೂಲದ ವರ್ತಕನ ದುಡ್ಡಿನಲ್ಲಿ, ಇಲೊಕಾನೊ ಬಡಗಿ ಗಾರೆಯವರ ಕೈಯಲ್ಲಿ ಎದ್ದ ಮನೆಗಳು ಇವು. 1572ರಲ್ಲಿ ಹುವಾನ್ ದೆ ಸಾಲ್ಸೆದೊ ಎಂಬ ಸ್ಪಾನಿಷ್ ದಳಪತಿ ಇಲ್ಲಿಗೆ ಬಂದಾಗಲೇ ಇದು ಚೀನೀ ಹಡಗುಗಳು ಬರುತ್ತಿದ್ದ ವ್ಯಾಪಾರದ ಊರಾಗಿತ್ತು. ಅವನು ತನ್ನ ರಾಜಕುಮಾರನ ಹೆಸರು ಹಿಡಿದು ವಿಲ್ಯಾ ಫೆರ್ನಾಂದಿನಾ ಅಂತ ಹೊಸ ಹೆಸರಿಟ್ಟ. ಆ ಹೆಸರು ಕಾಗದದಲ್ಲೇ ಉಳಿಯಿತು, ಜನರ ಬಾಯಲ್ಲಿ ಉಳಿದದ್ದು ವಿಗಾನ್.

ಇಷ್ಟೆಲ್ಲ ಮನೆ ಒಂದೇ ಕಡೆ ಉಳಿದದ್ದಾದರೂ ಹೇಗೆ? ಮನಿಲಾದಲ್ಲಿಯೂ ಇಂಥ ಕೋಟೆ ಪೇಟೆ ಇತ್ತು. 1945ರ ಫೆಬ್ರವರಿ ಮಾರ್ಚಿನಲ್ಲಿ ಜಪಾನಿಗಳೂ ಅಮೆರಿಕನ್ನರೂ ಬೀದಿ ಬೀದಿಯಲ್ಲಿ ಕಾದಾಡಿದಾಗ ಅದು ಬೂದಿಯಾಯಿತು, ಸುಮಾರು ಒಂದು ಲಕ್ಷ ಸಾಮಾನ್ಯ ಜನ ಸತ್ತರು. ವಿಗಾನ್ ಸುಡಲಿಲ್ಲ. ಜಪಾನಿ ಅಧಿಕಾರಿಯೊಬ್ಬನಿಗೆ ಊರಿನ ಹೆಣ್ಣಿನಲ್ಲಿ ಸಂಸಾರವಾಗಿತ್ತು, ಬಿಟ್ಟು ಹೋಗುವಾಗ ಹೆಂಡತಿ ಮಗುವನ್ನು ಪಾದ್ರಿಯ ಕೈಗೊಪ್ಪಿಸಿದ, ಅವರಿಗೋಸ್ಕರ ಊರಿಗೆ ಬೆಂಕಿ ಇಡಲಿಲ್ಲ ಅಂತ ಅಲ್ಲಿಯವರು ಕತೆ ಹೇಳುತ್ತಾರೆ. ಕತೆ ಚೆನ್ನಾಗಿದೆ. ಆದರೆ ಇನ್ನೊಂದು ಕಾರಣವೂ ಇದೆ, ಅದನ್ನು ಗೈಡುಗಳು ಅಷ್ಟಾಗಿ ಹೇಳುವುದಿಲ್ಲ: ಊರು ಬಡವಾಯಿತು. ಒಂದು ಕಾಲದಲ್ಲಿ ನದಿಗಳ ನಡುವಿನ ನಡುಗಡ್ಡೆಯಾಗಿದ್ದ ಈ ಪೇಟೆಯ ಸುತ್ತ ಹೂಳು ತುಂಬಿತು, ದೋಣಿಯ ವ್ಯಾಪಾರ ಕುಂದಿತು. ಇಲೊಕೊಸಿನ ಜನ ಕೂಲಿಗಾಗಿ ಊರು ಬಿಟ್ಟರು. ಹವಾಯಿ ದ್ವೀಪದ ಕಬ್ಬಿನ ತೋಟಗಳಿಗೆ 1906ರಲ್ಲಿ ಮೊದಲ ಬಾರಿ ಹೋದ 15 ಮಂದಿ ಇಲೊಕಾನೊಗಳ ಹಿಂದೆ ಸಾವಿರ ಸಾವಿರ ಜನ ಹೋದರು. ಕೈಯಲ್ಲಿ ದುಡ್ಡಿದ್ದವನು ಹಳೆ ಮನೆ ಕೆಡವಿ ಆರ್‌ಸಿಸಿ ಕಟ್ಟುತ್ತಾನೆ, ಇಲ್ಲದವನ ಮನೆ ಹಾಗೆಯೇ ನಿಲ್ಲುತ್ತದೆ. ಹಾಗೆ ನಿಂತ ಬೀದಿಗಳನ್ನೇ 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೀದಿಯಿಂದ ಉತ್ತರಕ್ಕೆ ನಡೆದರೆ ಸಂತ ಪೌಲನ ದೊಡ್ಡ ಇಗರ್ಜಿ. ಈಗಿನ ಕಟ್ಟಡ 1790ರಿಂದ 1800ರ ನಡುವೆ ಎದ್ದದ್ದು. ಗೋಡೆ ಬಹಳ ದಪ್ಪ, ಗಂಟೆಗೋಪುರವನ್ನು ಬೇರೆಯಾಗಿ ದೂರದಲ್ಲಿ ಕಟ್ಟಿದ್ದಾರೆ. ಭೂಕಂಪದಲ್ಲಿ ಗೋಪುರ ಬಿದ್ದರೂ ಇಗರ್ಜಿಯ ಮೇಲೆ ಬೀಳಬಾರದು, ಅದೇ ಲೆಕ್ಕ. 1970ರಲ್ಲಿ ಇದೇ ಇಗರ್ಜಿಯೊಳಗೆ, ಪ್ರಾರ್ಥನೆಗೆ ಮೊಣಕಾಲೂರಿದ್ದ ಸಂಸದ ಫ್ಲೋರೊ ಕ್ರಿಸೊಲೊಗೊನನ್ನು ಗುಂಡಿಕ್ಕಿ ಕೊಂದರು. ಹೊಗೆಸೊಪ್ಪಿನ ರಾಜಕೀಯ, ಮನೆತನಗಳ ಹಗೆ, ಬಾಡಿಗೆ ಬಂದೂಕಿನವರು: ಆ ದಿನಗಳಲ್ಲಿ ವಿಗಾನಿಗೆ ಪ್ರವಾಸಿಗಳು ಬರುವ ಮಾತೇ ಇರಲಿಲ್ಲ.

ಇಗರ್ಜಿಯ ಎದುರಿಗಿರುವುದು ಸಾಲ್ಸೆದೊ ಚೌಕ. ಸಂಜೆ ಇಲ್ಲಿ ಬಣ್ಣದ ಕಾರಂಜಿ ಕುಣಿಯುತ್ತದೆ, ಮಕ್ಕಳು ಕಿರುಚುತ್ತಾರೆ. ನನ್ನ ಮಟ್ಟಿಗೆ ವಿಗಾನಿನ ಮುಖ್ಯ ಜಾಗ ಇದು, ಆದರೆ ಕಾರಂಜಿಯಿಂದಾಗಿ ಅಲ್ಲ.

1762ರಲ್ಲಿ ಇಂಗ್ಲಿಷರಿಗೂ ಸ್ಪೇನಿಗೂ ಯುದ್ಧ ಹುಟ್ಟಿತು. ಇಂಗ್ಲಿಷರ ಪಡೆ ಮನಿಲಾಕ್ಕೆ ಹೊರಟದ್ದು ಎಲ್ಲಿಂದ ಗೊತ್ತೇ? ನಮ್ಮ ಮದರಾಸಿನಿಂದ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳೂ ಹಡಗಿನಲ್ಲಿದ್ದರು. ಅಕ್ಟೋಬರಿನಲ್ಲಿ ಮನಿಲಾ ಬಿತ್ತು. ಯುದ್ಧ ಮುಗಿದ ಮೇಲೂ ಕೆಲವು ಸಿಪಾಯಿಗಳು ವಾಪಸು ಬರದೆ ಮನಿಲಾ ಹತ್ತಿರದ ಕಾಯಿಂತಾ ಎಂಬಲ್ಲಿ ಹೆಣ್ಣು ತಂದು ನೆಲೆ ನಿಂತರು. ಅವರ ಸಂತತಿ ಈಗಲೂ ಅಲ್ಲಿದೆ.

ಮನಿಲಾ ಬಿದ್ದ ಸುದ್ದಿ ವಿಗಾನಿಗೆ ಮುಟ್ಟಿದಾಗ ದಿಯೆಗೊ ಸಿಲಾಂಗ್ ಎಂಬವನು ಎದ್ದ. ವಿಗಾನಿಗೂ ಮನಿಲಾಕ್ಕೂ ಟಪಾಲು ಹೊರುತ್ತಿದ್ದವನು, ದಾರಿಯುದ್ದದ ಜನರ ಕಷ್ಟ ಕಂಡವನು. ಇಲ್ಲಿಯವರನ್ನು ಇಲ್ಲಿಯವರೇ ಆಳಬೇಕು, ತಲೆಗಂದಾಯ ಬಿಟ್ಟಿಚಾಕರಿ ನಿಲ್ಲಬೇಕು ಅಂತ ಜನ ಕೂಡಿಸಿ ಸ್ಪೇನಿನ ಅಧಿಕಾರಿಗಳನ್ನು ವಿಗಾನಿನಿಂದ ಓಡಿಸಿದ. ಇಂಗ್ಲಿಷರೊಂದಿಗೆ ಕಾಗದ ನಡೆಸಿದ. ಅವರು ಪದವಿ ಕೊಟ್ಟರು, ಸಹಾಯ ಬರುತ್ತದೆ ಅಂದರು. ಬರಲಿಲ್ಲ. 1763ರ ಫೆಬ್ರವರಿಯಲ್ಲಿಯೇ ಪ್ಯಾರಿಸಿನಲ್ಲಿ ಸಂಧಿಗೆ ಸಹಿ ಬಿದ್ದಿತ್ತು. ಆ ಸುದ್ದಿ ಸಮುದ್ರ ದಾಟಿ ಬರುವುದಕ್ಕೆ ತಿಂಗಳುಗಳು ಬೇಕು. ಮೇ ತಿಂಗಳಲ್ಲಿ ದಿಯೆಗೊನನ್ನು ಅವನ ಸ್ನೇಹಿತನೇ ಗುಂಡು ಹಾರಿಸಿ ಕೊಂದ, ಮಾಡಿಸಿದವರು ಸ್ಪೇನಿನ ಕಡೆಯವರು.

ಅವನ ಹೆಂಡತಿ ಗಾಬ್ರಿಯೆಲಾ. ಗಂಡ ಸತ್ತ ಮೇಲೆ ಆಬ್ರಾದ ಗುಡ್ಡಗಳಿಗೆ ಸರಿದು, ಅಲ್ಲಿ ಜನ ಸೇರಿಸಿ, ಸೆಪ್ಟೆಂಬರಿನಲ್ಲಿ ವಿಗಾನಿನ ಮೇಲೆಯೇ ಏರಿ ಬಂದಳು. ಸೋತಳು. ಹಿಡಿದು ತಂದು ಈ ಚೌಕದಲ್ಲಿ ನೇಣಿಗೆ ಹಾಕಿದರು. ಅವಳ ಕಡೆಯವರನ್ನು ಕರಾವಳಿಯ ಊರೂರುಗಳಲ್ಲಿ ಗಲ್ಲಿಗೇರಿಸಿದರು, ನೋಡಿ ಹೆದರಲಿ ಅಂತ. ನಮ್ಮ ಬೇಕಲ ಕೋಟೆ ಇಕ್ಕೇರಿಯವರಿಂದ ಹೈದರಾಲಿಯ ಕೈಗೆ ಹೋದದ್ದೂ ಆ 1763ರಲ್ಲಿಯೇ. ನಮ್ಮ ಶಾಲೆಗಳಲ್ಲಿ ಆ ಇಸವಿ ಕಲಿಸುವಾಗ ಅದರ ಪಕ್ಕ ಗಾಬ್ರಿಯೆಲಾಳ ಹೆಸರನ್ನೂ ಬರೆಯಬಹುದು, ಮಕ್ಕಳಿಗೆ ಲೋಕ ಎಷ್ಟು ಹೆಣೆದುಕೊಂಡಿತ್ತು ಅಂತ ತಿಳಿಯುತ್ತದೆ.

ಚೌಕದಿಂದ ಸ್ವಲ್ಪ ದೂರದಲ್ಲಿ ಹಳೆಯ ಜೈಲು, ಈಗ ರಾಷ್ಟ್ರೀಯ ಮ್ಯೂಸಿಯಂ. 1890ರಲ್ಲಿ ಈ ಜೈಲಿನಲ್ಲಿ ಹುಟ್ಟಿದ ಎಲ್ಪಿದಿಯೊ ಕಿರಿನೊ ಮುಂದೆ ದೇಶದ ಅಧ್ಯಕ್ಷನಾದ. ತಂದೆ ಜೈಲಿನ ಮೇಲ್ವಿಚಾರಕ. ಮನಿಲಾದ ಯುದ್ಧದಲ್ಲಿ ಅವನ ಹೆಂಡತಿಯೂ ಮೂರು ಮಕ್ಕಳೂ ಸತ್ತರು. ಒಳಗೆ ಬಿಡದೆ ನೋಡಬೇಕಾದದ್ದು ಎಸ್ತೆಬಾನ್ ವಿಲ್ಯಾನುವೆವಾ 1821ರಲ್ಲಿ ಬರೆದ 14 ವರ್ಣಚಿತ್ರಗಳನ್ನು. ವಿಷಯ 1807ರ ಬಾಸಿ ದಂಗೆ. ಬಾಸಿ ಅಂದರೆ ಕಬ್ಬಿನ ಹಾಲಿನ ಕಳ್ಳು. ಹುಟ್ಟಿಗೂ ಮದುವೆಗೂ ಸಾವಿಗೂ ಅವರಿಗೆ ಅದು ಬೇಕು. ಮನೆಯಲ್ಲಿ ಮಾಡಬಾರದು, ಸರ್ಕಾರದ ಅಂಗಡಿಯಿಂದಲೇ ಕೊಳ್ಳಬೇಕು ಅಂತ ಕಾನೂನು ಬಂದಾಗ ರೈತರು ದಂಡೆತ್ತಿ ಹೊರಟರು, ಹೊಳೆ ದಾಟುವಲ್ಲಿ ಸೋತರು. ಚಿತ್ರಗಳಲ್ಲಿ ಆಕಾಶದ ಧೂಮಕೇತು ಉಂಟು, ಸಾಲು ಹಿಡಿದ ಸಿಪಾಯಿಗಳುಂಟು, ಕಡೆಗೆ ಕಡಿದ ತಲೆಗಳುಂಟು. ಕೈ ಅಷ್ಟು ನುರಿತದ್ದಲ್ಲ, ಮನುಷ್ಯರು ಗೊಂಬೆಯ ಹಾಗೆ ಕಾಣುತ್ತಾರೆ. ಆದರೂ ಕಣ್ಣು ಕೀಳಲು ಆಗುವುದಿಲ್ಲ.

ಮಧ್ಯಾಹ್ನ ಹೊಟ್ಟೆಗೆ ಎಂಪನಾದಾ: ಅಕ್ಕಿಹಿಟ್ಟಿನ ಕೇಸರಿ ಬಣ್ಣದ ಹೊದಿಕೆ, ಒಳಗೆ ಕಾಯಿ ಪಪ್ಪಾಯಿ, ಮೊಟ್ಟೆ, ಮಾಂಸ. ಶಾಕಾಹಾರಿಗಳು ಮಾಂಸ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಕಲೇಸಾ ಹತ್ತಿ ಕುಂಬಾರರ ಕೇರಿಗೂ ಹೋಗಿ ಬರಬಹುದು. ಕೋಣ ತುಳಿದು ಹದ ಮಾಡಿದ ಮಣ್ಣಿನಿಂದ ಬುರ್ನಾಯ್ ಎಂಬ ದೊಡ್ಡ ಭರಣಿ ಮಾಡಿ ಉದ್ದನೆಯ ಆವಿಗೆಯಲ್ಲಿ ಸುಡುತ್ತಾರೆ. ಬಾಸಿ, ವಿನೆಗರು, ಮೀನಿನ ಉಪ್ಪಿನಕಾಯಿ ಎಲ್ಲ ಅದರಲ್ಲೇ.

ಮೇಷ್ಟ್ರುಗಳಿಗೆ ಒಂದು ಮಾತು ಹೇಳಲೇಬೇಕು. ಇಲೊಕಾನೊ ಭಾಷೆಗೆ ಈಗ ರೋಮನ್ ಲಿಪಿ. ಮೊದಲು ಅವರು ಬರೆಯುತ್ತಿದ್ದ ಲಿಪಿ ಬ್ರಾಹ್ಮಿಯ ಸಂತಾನ, ಅಂದರೆ ನಮ್ಮ ಕನ್ನಡ ಲಿಪಿಗೆ ದೂರದ ದಾಯಾದಿ. ಅದರಲ್ಲಿ ಕ ಬರೆದರೆ ಕ ಅಂತಲೇ ಓದಬೇಕು, ಕ್ ಅಂತ ನಿಲ್ಲಿಸುವ ಗುರುತು ಇರಲಿಲ್ಲ. 1620ರ ಸುಮಾರಿಗೆ ಫ್ರಾನ್ಸಿಸ್ಕೊ ಲೋಪೆಸ್ ಎಂಬ ಪಾದ್ರಿ ಇಲೊಕಾನೊ ಧರ್ಮಪುಸ್ತಕ ಅಚ್ಚು ಮಾಡಿಸುವಾಗ ಅಕ್ಷರದ ಕೆಳಗೆ ಪುಟ್ಟ ಶಿಲುಬೆ ಇಟ್ಟು ಆ ಕೊರತೆ ತುಂಬಿಸಿದ. ನಮ್ಮ ವ್ಯಂಜನಕ್ಕೆ ಅರ್ಧ ಕೊಡುವ ಹಾಗೆಯೇ. ಕಾಲಕ್ರಮದಲ್ಲಿ ಲಿಪಿ ಬಿದ್ದುಹೋಯಿತು. ಭಾಷೆ ಬೀಳಲಿಲ್ಲ. ಸ್ಪೇನಿನವರ ಮುನ್ನೂರು ವರ್ಷ, ಅಮೆರಿಕನ್ನರ ಸುಮಾರು ಐವತ್ತು ವರ್ಷ, ಈಗ ಟಗಾಲೊಗ್ ಮೂಲದ ರಾಷ್ಟ್ರಭಾಷೆ. ಇಷ್ಟರ ನಡುವೆಯೂ ವಿಗಾನಿನ ಮಾರ್ಕೆಟಿನಲ್ಲಿ ಮೀನಿನ ಚೌಕಾಸಿ ನಡೆಯುವುದು ಇಲೊಕಾನೊದಲ್ಲಿ. ಗಡಿಯಾಚೆ ಕೂತ ನಮಗೆ ಇದು ಬೇಗ ಅರ್ಥವಾಗುತ್ತದೆ.

ಹೊತ್ತಿಳಿಯುವಾಗ ಪಕ್ಕದ ಬಾಂತಾಯ್ ಊರಿನ ಗುಡ್ಡಕ್ಕೆ ಹೋಗಿ. ಬಾಂತಾಯ್ ಅಂದರೆ ಕಾವಲು. ಇಟ್ಟಿಗೆಯ ಹಳೆ ಗಂಟೆಗೋಪುರ. ಕಡಲ್ಗಳ್ಳರ ದೋಣಿ ಕಂಡರೆ ಇಲ್ಲಿಂದಲೇ ಗಂಟೆ ಬಾರಿಸುತ್ತಿದ್ದರು. 2022ರ ಜುಲೈ 27ರಂದು 7.0 ಪ್ರಮಾಣದ ಭೂಕಂಪವಾದಾಗ ಈ ಗೋಪುರದ ಇಟ್ಟಿಗೆಗಳು ಉದುರಿದವು, ಪೇಟೆಯ ಎಷ್ಟೋ ಹಳೆ ಮನೆಗಳ ಗೋಡೆ ಬಿರಿಯಿತು. ಕೆಳಗೆ ನಿಂತರೆ ಗದ್ದೆ, ಅದರಾಚೆ ವಿಗಾನಿನ ಮಾಡುಗಳು, ಮೂಡುಗಡೆ ಗಾಬ್ರಿಯೆಲಾ ಇಳಿದು ಬಂದ ಆಬ್ರಾದ ಗುಡ್ಡಗಳು. ಮನಿಲಾಕ್ಕೆ ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ.