ಮಿರ್ಜಾನ ಕೋಟೆ: ಚಿರೆಕಲ್ಲಿನಲ್ಲಿ ಉಳಿದ ಚರಿತ್ರೆ

ನಮ್ಮ ಶಾಲೆಯ ಮಕ್ಕಳನ್ನು ಮಿರ್ಜಾನ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಸರ್, ಇದನ್ನು ಕಟ್ಟಿಸಿದವರು ಯಾರು?" ಒಂದು ಹೆಸರು ಹೇಳಿ ಮುಗಿಸಬಹುದಾದ ಪ್ರಶ್ನೆಯಲ್ಲ ಇದು. ಹಾಗೆ ಯಾಕೆ ಎಂಬುದನ್ನು ತಿಳಿದರೆ, ಈ ಕೋಟೆಯನ್ನು ಏಕೆ ಜೋಪಾನ ಮಾಡಬೇಕು ಎಂಬುದೂ ತಿಳಿಯುತ್ತದೆ.

ಕುಮಟಾದಿಂದ ಅಂಕೋಲೆಯ ಕಡೆಗೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಗೆ ಹತ್ತಿರದಲ್ಲೇ, ಅಘನಾಶಿನಿ ನದಿಯ ಬದಿಗೆ ಈ ಕೋಟೆ ಇದೆ. ಇದರ ವಿಸ್ತೀರ್ಣ ಸುಮಾರು 10 ಎಕರೆ. ಕಡಲು ಇಲ್ಲಿಂದ ಕಾಣುವುದಿಲ್ಲ. ಆದರೂ ಇದು ಕರಾವಳಿಯ ಕೋಟೆಯೇ. ಘಟ್ಟದ ಮೇಲಿನ ಕಾಳುಮೆಣಸು ನದಿಯ ದಾರಿಯಾಗಿ ಇಳಿದು, ತದಡಿಯ ಅಳಿವೆಯನ್ನು ದಾಟಿ ಸಮುದ್ರ ಸೇರುತ್ತಿತ್ತು. ಆ ದಾರಿಯನ್ನು ಕಾಯುವವನ ಕೈಯಲ್ಲಿ ವ್ಯಾಪಾರವೂ ಇರುತ್ತಿತ್ತು.

ಜನರ ಬಾಯಲ್ಲಿ ಇದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು. ಬಿಜಾಪುರದ ಅಧಿಕಾರಿ ಶರೀಫ್ ಉಲ್ ಮುಲ್ಕ್ ಕಟ್ಟಿಸಿದನೆಂಬ ಹೇಳಿಕೆಯೂ ಉಂಟು. ಮುಂದೆ ಈ ನಾಡು ಕೆಳದಿಯ ನಾಯಕರ ಕೈಗೆ, 1763ರಲ್ಲಿ ಬಿದನೂರು ಬಿದ್ದ ಮೇಲೆ ಹೈದರಾಲಿಯ ಕೈಗೆ, 1799ರಲ್ಲಿ ಟಿಪ್ಪುವಿನ ಮರಣಾನಂತರ ಕಂಪನಿ ಸರಕಾರದ ಕೈಗೆ ಹೋಯಿತು. ಒಬ್ಬರು ಕಟ್ಟಿದ್ದನ್ನು ಮತ್ತೊಬ್ಬರು ಎತ್ತರಿಸುವುದು, ಮುರಿದದ್ದನ್ನು ಮತ್ತೆ ಕಟ್ಟುವುದು ಕೋಟೆಗಳ ವಿಷಯದಲ್ಲಿ ಸಾಮಾನ್ಯ.

ಕಟ್ಟಡದ ರೀತಿಯನ್ನು ನೋಡೋಣ. ಎರಡು ಸುತ್ತಿನ ಗೋಡೆ. ಅದರ ಹೊರಗೆ ಕಂದಕ. ಗೋಡೆಗೆ ಅಂಟಿಕೊಂಡು ಎತ್ತರವಾದ ದುಂಡು ಬುರುಜುಗಳು. ಬುರುಜು ಗೋಡೆಗಿಂತ ಮುಂದಕ್ಕೆ ಚಾಚಿರುವುದರಿಂದ ಅದರ ಮೇಲೆ ನಿಂತ ಕಾವಲುಗಾರನಿಗೆ ಗೋಡೆಯ ಬುಡದವರೆಗೂ ಕಾಣುತ್ತದೆ. ಒಂದು ಮುಖ್ಯ ದ್ವಾರ, ಮೂರು ಉಪದ್ವಾರಗಳಿವೆ. ಒಳಗೆ ಬಾವಿಗಳು, ದರಬಾರಿನ ಕಟ್ಟಡದ ತಳಪಾಯ, ಗುಪ್ತ ದಾರಿಗಳು ಇವೆ. ಮುತ್ತಿಗೆ ಎಷ್ಟು ದಿನ ನಡೆದರೂ ಒಳಗಿನವರಿಗೆ ನೀರು ಸಿಗಬೇಕು ಎಂಬ ಮುಂದಾಲೋಚನೆ ಬಾವಿಗಳಲ್ಲಿ ಕಾಣುತ್ತದೆ.

ಇದೆಲ್ಲವೂ ಚಿರೆಕಲ್ಲಿನದು. ನಮ್ಮ ಮನೆಗಳ ಗೋಡೆಯೂ, ಈ ಶಾಲೆಯ ಹಳೆಯ ಕೊಠಡಿಗಳೂ ಅದೇ ಕಲ್ಲಿನವು. ನೆಲದಿಂದ ತೆಗೆದಾಗ ಅದು ಮೆತ್ತಗಿದ್ದು ಕತ್ತರಿಸಲು ಸುಲಭ. ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟಿಷ್ ಅಧಿಕಾರಿ 1800 ಮತ್ತು 1801ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿದನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆ ಎಂದು ಅರ್ಥ.

ಆದರೆ ಚಿರೆಕಲ್ಲಿನ ಮೈತುಂಬ ಸಣ್ಣ ತೂತುಗಳು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ ಅದು ನೀರು ಹೀರುತ್ತದೆ, ಪಾಚಿ ಕಟ್ಟುತ್ತದೆ. ಹಕ್ಕಿ ಹಾಕಿದ ಅರಳಿಯ ಬೀಜ ಸಂದಿನಲ್ಲಿ ಮೊಳೆತು, ಬೇರು ದಪ್ಪವಾದಂತೆ ಎರಡು ಕಲ್ಲುಗಳನ್ನು ಬೇರೆ ಮಾಡುತ್ತದೆ. ಸಿಮೆಂಟು ಮೆತ್ತಿದರೆ ಆಯಿತಲ್ಲ ಎನ್ನುವವರಿದ್ದಾರೆ. ಸುಣ್ಣದ ಗಾರೆಯ ಮೂಲಕ ಗೋಡೆಯ ತೇವ ಹೊರಗೆ ಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ, ಕ್ರಮೇಣ ಕಲ್ಲೇ ಸವೆಯುತ್ತದೆ. ಆದ್ದರಿಂದ ಹಳೆಯ ಗೋಡೆಗೆ ಹಳೆಯ ರೀತಿಯ ಗಾರೆಯೇ ಹಿತ.

ಕೋಟೆ ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆ ಇಲ್ಲಿ ಉತ್ಖನನ ನಡೆಸಿದಾಗ ಕಬ್ಬಿಣದ ಫಿರಂಗಿ ಗುಂಡುಗಳು, ಚೀನಾದ ಪಿಂಗಾಣಿ ಚೂರುಗಳು, ಒಂದು ಪೋರ್ಚುಗೀಸ್ ಚಿನ್ನದ ನಾಣ್ಯ ದೊರೆತವು. ಚಿನ್ನದ ನಾಣ್ಯದ ಸುದ್ದಿ ಎಲ್ಲರಿಗೂ ರುಚಿಸುತ್ತದೆ. ಚರಿತ್ರೆಗೆ ಪಿಂಗಾಣಿ ಚೂರೂ ಅಷ್ಟೇ ಬೆಲೆಯುಳ್ಳದ್ದು. ಅದು ಯಾವ ಪದರದಲ್ಲಿ, ಯಾವ ಗೋಡೆಯ ಬುಡದಲ್ಲಿ ಸಿಕ್ಕಿತು ಎಂಬುದರಿಂದಲೇ ಯಾವುದು ಮೊದಲು ಕಟ್ಟಿದ್ದು, ಯಾವುದು ಆಮೇಲೆ ಸೇರಿದ್ದು ಎಂದು ನಿರ್ಧರಿಸಲು ಸಾಧ್ಯ. ನಿಧಿಯ ಆಸೆಗೆ ಯಾರಾದರೂ ಒಂದು ಗುಂಡಿ ತೋಡಿದರೆ ಆ ಪದರಗಳು ಕಲಸಿಹೋಗುತ್ತವೆ. ಮತ್ತೆ ಅವುಗಳನ್ನು ಜೋಡಿಸಲು ಯಾವ ಪಂಡಿತನಿಂದಲೂ ಆಗದು.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಇಂಥ ಸ್ಮಾರಕಕ್ಕೆ ಹಾನಿ ಮಾಡುವುದು ಅಪರಾಧ. 2010ರ ತಿದ್ದುಪಡಿಯಿಂದ ಸುತ್ತಲಿನ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ. ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ಇದರಿಂದ ಅಕ್ಕಪಕ್ಕದಲ್ಲಿ ಜಮೀನು ಉಳ್ಳವರಿಗೆ ತೊಂದರೆ ಆಗುವುದುಂಟು. ಅವರ ಮಾತನ್ನೂ ಅಧಿಕಾರಿಗಳು ತಾಳ್ಮೆಯಿಂದ ಕೇಳಬೇಕು. ಊರವರ ಮನಸ್ಸಿಲ್ಲದೆ ಬರೀ ಕಾಯಿದೆಯಿಂದ ಯಾವ ಕೋಟೆಯೂ ಉಳಿಯದು.

ವಿದ್ಯಾರ್ಥಿಗಳೇ, ನೀವು ಮಾಡಬಹುದಾದದ್ದು ದೊಡ್ಡದೇನಲ್ಲ. ಗೋಡೆಯ ಮೇಲೆ ಹೆಸರು ಕೆತ್ತಬೇಡಿ. ಬಿದ್ದ ಕಲ್ಲನ್ನು, ಸಿಕ್ಕ ಚೂರನ್ನು ಮನೆಗೆ ತರಬೇಡಿ. ಅಲ್ಲಿಯ ಸಿಬ್ಬಂದಿಗೆ ತೋರಿಸಿ. ಸಂದಿನಲ್ಲಿ ಅರಳಿ ಸಸಿ ಮೊಳೆತದ್ದು ಕಂಡರೂ ಹೇಳಿ; ನೀವೇ ಕೀಳಲು ಹೋದರೆ ಕಲ್ಲು ಜಾರೀತು. ಇಷ್ಟು ಮಾಡಿದರೆ ನೀವು ಕೇಳುವ ಪ್ರಶ್ನೆಗೆ ಉತ್ತರ ಆ ನೆಲದಲ್ಲೇ ಉಳಿದಿರುತ್ತದೆ. ಅದನ್ನು ಓದುವವರು ಮುಂದೊಂದು ದಿನ ನಿಮ್ಮಲ್ಲೇ ಯಾರಾದರೂ ಆಗಲಿ ಎಂಬುದು ನನ್ನ ಹಾರೈಕೆ.